ಎರಡನೇ ಟೇಬಲ್ಲಿನ ಹೆಣ್ಣುಮಕ್ಕಳು

ಕೇಸ್ ಪೇಪರಿನಲ್ಲಿ ಓಣಿ ಬರೆಯುವ ಜಾಗವೇ ಇಲ್ಲ. ಹೆಸರು, ವಯಸ್ಸು, ಗಂಡನ ಹೆಸರು, ಊರು, ತಾಲೂಕು, ಎಷ್ಟನೇ ಹೆರಿಗೆ, ಕೊನೆಯ ಮುಟ್ಟಿನ ದಿನ, ಎಲ್ಲಕ್ಕೂ ಒಂದೊಂದು ಗೆರೆ ಇದೆ. ಓಣಿಗೆ ಇಲ್ಲ. ಇಪ್ಪತ್ತೆರಡು ವರ್ಷ ಆ ಕಾಗದ ತುಂಬಿದವಳು ನಾನು. ಆ ಇಪ್ಪತ್ತೆರಡು ವರ್ಷವೂ ಹೆರಿಗೆಯ ಬ್ಯಾನಿ ತಿನ್ನುತ್ತ ಬಾಗಿಲಿಗೆ ಬಂದು ನಿಂತ ಪ್ರತಿ ಹೆಣ್ಣುಮಗಳಿಗೂ ನಾನು ಕೇಳಿದ ಮೊದಲ ಮಾತು ಒಂದೇ: “ಯಾವ ಓಣಿ?”

ಇದನ್ನು ನನಗೆ ತೋರಿಸಿಕೊಟ್ಟವರು ಹೊಸದಾಗಿ ಬಂದ ಡಾಕ್ಟರು. ಬೈಲಹೊಂಗಲದ ಕಡೆಯ ಹುಡುಗಿ, ನನ್ನ ಮಗಳ ವಯಸ್ಸು. ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಒಂದು ದಿನ ಪಕ್ಕದಲ್ಲಿ ನಿಂತು ನಾನು ಕಾಗದ ತುಂಬುವುದನ್ನು ನೋಡುತ್ತಿದ್ದವರು ಕೇಳಿದರು.

“ಸಿಸ್ಟರ್, ಓಣಿ ಯಾಕ ಕೇಳ್ತೀರಿ? ಕೇಳ್ತೀರಿ, ಆದ್ರ ಎಲ್ಲೂ ಬರಿಯೂದಿಲ್ಲ.”

“ಊರಾಗಿನ ಮಂದಿ ನಾವು. ಗುರ್ತು ಪರಿಚಯ ಬೇಕಲ್ರಿ ಡಾಕ್ಟರ್,” ಎಂದೆ. ಸ್ವಲ್ಪ ಜೋರಾಗಿಯೇ ಎಂದೆ. ನನ್ನ ಬಾಯಿಗೆ ಊರೇ ಹೆದರುತ್ತದೆ, ಇವರಿಗೂ ಇವತ್ತೇ ಗೊತ್ತಾಗಲಿ ಅಂದುಕೊಂಡೆ. ಅವರು ಹೊರರೋಗಿಗಳ ಕಡೆ ಹೋದರು. ನಾನು ಗೆದ್ದೆ ಎಂದುಕೊಂಡು ಒಳಗೆ ಹೋದೆ.

ನಮ್ಮದು ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯ ಒಂದು ದೊಡ್ಡ ಹಳ್ಳಿ. ಹೆಸರು ಬೇಡ. ಮಲಪ್ರಭೆಯ ಕಾಲುವೆ ನೀರು ಬಂದ ಮೇಲೆ ಕಬ್ಬು ಹೆಚ್ಚಿತು, ಮನೆಗಳ ಮೇಲೆ ಮಹಡಿ ಎದ್ದವು, ಸರಕಾರಿ ದವಾಖಾನೆಗೂ ಹೊಸ ಬಣ್ಣ ಬಂತು. ಅದೇ ಊರಿನ ಮೇಲಿನ ಓಣಿಯಲ್ಲಿ ಹುಟ್ಟಿ, ಅದೇ ಊರಿನ ಇನ್ನೊಂದು ಓಣಿಗೆ ಸೊಸೆಯಾಗಿ ಹೋದವಳು ನಾನು. ನರ್ಸಿಂಗ್ ಕಲಿಯಲು ಧಾರವಾಡಕ್ಕೆ ಹೋದ ವರ್ಷಗಳನ್ನು ಬಿಟ್ಟರೆ ಊರು ಬಿಟ್ಟು ಇದ್ದವಳಲ್ಲ. ನಾನು ಕೂಗಾಡುತ್ತೇನೆ, ಬೈಯುತ್ತೇನೆ, ಆದರೆ ಕೆಲಸದಲ್ಲಿ ಕಳ್ಳತನ ಮಾಡುವವಳಲ್ಲ ಎಂಬುದು ನನ್ನ ದೊಡ್ಡ ಹೆಮ್ಮೆಯಾಗಿತ್ತು.

ಹೆರಿಗೆ ಕೋಣೆಯಲ್ಲಿ ಎರಡು ಟೇಬಲ್. ಮೊದಲನೆಯದು ಫ್ಯಾನಿನ ಕೆಳಗೆ, ದೊಡ್ಡ ದೀಪದ ಹತ್ತಿರ, ಮಗುವಿನ ಎದೆಬಡಿತ ಕೇಳುವ ಯಂತ್ರ ಕೈಗೆಟುಕುವ ಜಾಗದಲ್ಲಿ. ಎರಡನೆಯದು ಪರದೆಯ ಆಚೆ, ಕಿಡಕಿಯ ಪಕ್ಕ. ಅದರ ರೆಕ್ಸಿನ್ ಹರಿದು, ಹೊಲಿದು, ಮತ್ತೆ ಹರಿದಿತ್ತು. ಮೇಲಿನ ಓಣಿಗಳ ಹೆಣ್ಣುಮಕ್ಕಳು ಮೊದಲನೆಯದಕ್ಕೆ. ದಲಿತರ ಕೇರಿಯಿಂದ ಬಂದವರು, ನಾವು ಕೆಳಗಿನ ಕೇರಿ ಎನ್ನುತ್ತೇವೆ, ಎರಡನೆಯದಕ್ಕೆ. ಹೀಗೇ ಮಾಡಿ ಎಂದು ಯಾರೂ ಬರೆದಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ನಾನು ಓಣಿ ಕೇಳುತ್ತಿದ್ದೆ, ಉತ್ತರ ಕೇಳಿಸಿಕೊಂಡ ಆಯಾ ಪರದೆ ಸರಿಸುತ್ತಿದ್ದಳು. ಮೊದಲನೇ ಟೇಬಲ್ ಖಾಲಿ ಬಿದ್ದಿದ್ದರೂ ಅಷ್ಟೇ. “ತೊಳದ ಇಟ್ಟೇವಿ, ಯಾರರ ಬಂದ್ರ ಬೇಕಾಗ್ತೈತಿ,” ಎನ್ನುತ್ತಿದ್ದಳು ಆಯಾ. ಬಂದು ನಿಂತವಳು ಯಾರೂ ಅಲ್ಲವೇನು ಎಂದು ಕೇಳಬೇಕೆಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆಯೇ ಮೈ ಉರಿಯುತ್ತದೆ.

ಆ ಕೇರಿಯ ಸೂಲಗಿತ್ತಿ ಮುದುಕಿಯ ಬಗ್ಗೆ ಈಗ ಹೇಳಬೇಕು. ನನ್ನನ್ನು ಹೊಟ್ಟೆಯಿಂದ ಹೊರಗೆ ತೆಗೆದವಳು ಅವಳೇ. ಆಗ ಅವಳಿಗಿನ್ನೂ ಮೂವತ್ತಾಗಿರಲಿಲ್ಲವಂತೆ. ಹೊಕ್ಕಳಬಳ್ಳಿ ಕೊಯ್ದು, ಮಾಸು ಹುಗಿದು, ಐದು ದಿನ ಅವ್ವನಿಗೂ ನನಗೂ ಎಣ್ಣೆ ಹಚ್ಚಿ ಎರೆದಳಂತೆ. ಬರುವುದು ಹಿತ್ತಿಲ ಬಾಗಿಲಿಂದ, ಹೋಗುವುದೂ ಅಲ್ಲಿಂದಲೇ. ಐದನೇ ದಿನದ ಪೂಜೆ ಮುಗಿಯಿತೆಂದರೆ ಬಾಣಂತಿ ಕೋಣೆಯನ್ನು ಸೆಗಣಿಯಿಂದ ಸಾರಿಸಿ, ಅವಳು ಮುಟ್ಟಿದ ಬಟ್ಟೆಯನ್ನು ಅವಳಿಗೇ ಕೊಟ್ಟು ಕಳಿಸುವುದು. ಆಮೇಲೆ ಅವಳು ಆ ಮನೆಯ ಹೊಸ್ತಿಲು ದಾಟುವಂತಿಲ್ಲ, ತಾನೇ ಎತ್ತಿ ಆಡಿಸಿದ ಕೂಸನ್ನು ಮುಟ್ಟುವಂತಿಲ್ಲ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಹುಟ್ಟಿಗೂ ಸಾವಿಗೂ ಸೂತಕವಿಲ್ಲ ಎಂದು ಮಠದಲ್ಲಿ ಕೇಳಿ ತಲೆದೂಗಿ ಬಂದವರೇ ಮನೆಗೆ ಬಂದು ಸಾರಿಸುತ್ತಿದ್ದರು. ಅವ್ವ ಇದನ್ನು ಮಳೆ ಬಂತು, ಬಿಸಿಲು ಬಿತ್ತು ಎಂಬಷ್ಟು ಸಲೀಸಾಗಿ ಹೇಳುತ್ತಿದ್ದಳು. ನಾನೂ ಹಾಗೇ ಕೇಳಿ ಬೆಳೆದೆ.

ಮನೆಯಲ್ಲಿ ಹೆರಿಗೆ ಮಾಡಿಸಬಾರದು, ಎಲ್ಲರೂ ದವಾಖಾನೆಗೇ ಬರಬೇಕು ಎಂದಾದ ಮೇಲೆ ಮುದುಕಿಯ ಕೆಲಸ ಬಸುರಿಯರನ್ನು ಕರೆದುಕೊಂಡು ಬಂದು ಮುಟ್ಟಿಸುವುದಷ್ಟೇ ಆಯಿತು. ಬರುತ್ತಿದ್ದಳು, ಕಟ್ಟೆಯ ಮೇಲೆ ಬೇವಿನ ಗಿಡದ ಕೆಳಗೆ ಕುಳಿತುಕೊಳ್ಳುತ್ತಿದ್ದಳು. ನನಗಿಂತ ಹತ್ತಿರ ಹತ್ತಿರ ಮೂವತ್ತು ವರ್ಷ ದೊಡ್ಡವಳು ನನಗೆ “ಅಕ್ಕಾರ” ಎನ್ನುತ್ತಿದ್ದಳು, ನಾನು ಅವಳಿಗೆ “ನೀ” ಎನ್ನುತ್ತಿದ್ದೆ. ಅದೂ ಎಂಥ ನೀ! ಸಣ್ಣಗೆ ನೋವು ಕಾಣಿಸಿಕೊಂಡ ಕೂಡಲೇ ಕರೆದುಕೊಂಡು ಬಂದುಬಿಡುತ್ತಾಳೆ, ಇಡೀ ದಿನ ಕಟ್ಟೆಯ ಮೇಲೆ ಠಾಣೆ ಹಾಕುತ್ತಾಳೆ ಎಂದು ನಾನೂ ಆಯಾನೂ ಅವಳನ್ನು ಆಡಿಕೊಂಡು ನಗುತ್ತಿದ್ದೆವು.

ಡಾಕ್ಟರು ಓಣಿಯ ಮಾತು ಕೇಳಿ ಎಂಟು ದಿನವೂ ಆಗಿರಲಿಲ್ಲ. ಅವತ್ತು ಹುಣ್ಣಿಮೆ. ಉಗರಗೋಳದ ಕಡೆ ದೇವಿಯ ಗುಡ್ಡಕ್ಕೆ ಹೋಗುವ ಮಂದಿಯಿಂದ ರಸ್ತೆ ತುಂಬಿತ್ತು. ನಮ್ಮ ಆಂಬುಲೆನ್ಸೂ ಅತ್ತಲೇ ಹೋಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ನನ್ನ ಸೋದರಮಾವನ ಮನೆಯ ಸೊಸೆ ಬಂದಳು, ಮೊದಲನೇ ಟೇಬಲ್. ಅವಳ ಹಿಂದೆಯೇ ಮುದುಕಿ ತನ್ನ ಮೊಮ್ಮಗಳ ಕೈ ಹಿಡಿದುಕೊಂಡು ಬಂದಳು. ಮೊಮ್ಮಗಳಿಗೆ ಇಪ್ಪತ್ತೆರಡು. ಸವದತ್ತಿಯಲ್ಲಿ ಪದವಿ ಓದಿ, ಕಿತ್ತೂರಿನ ಕಡೆಗೆ ಮದುವೆಯಾಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

“ಯಾವ ಓಣಿ?” ಎಂದು ಬಾಯಿ ತೆರೆದೆ. ಮುದುಕಿಯ ಮುಖ ನೋಡಿ ಸುಮ್ಮನಾದೆ. ಗೊತ್ತೇ ಇತ್ತಲ್ಲ. ಆಯಾ ಆಗಲೇ ಪರದೆ ಸರಿಸಿದ್ದಳು.

“ಅಕ್ಕಾರ, ನಾ ಒಳಗ ಇರ್ಲೇನ್ರಿ? ಪೋರಿ ಅಂಜ್ಯಾಳ,” ಎಂದಳು ಮುದುಕಿ.

“ಜಾಗಾ ಎಲ್ಲೈತಿ? ಹೊರಗ ಕುಂಡ್ರ ನೀ.”

ಹುಡುಗಿ ನೋವಿನಲ್ಲೂ ತಲೆ ಎತ್ತಿದಳು. ಗೋಡೆಯ ಮೇಲೆ ನಾನೇ ಅಂಟಿಸಿದ ಸರಕಾರದ ಕಾಗದವೊಂದಿತ್ತು. ಹೆರಿಗೆಯ ಹೊತ್ತಿನಲ್ಲಿ ಬಸುರಿಯ ಜೊತೆ ಒಬ್ಬ ಹೆಂಗಸು ಇರಬಹುದು ಎಂದು ಅದರಲ್ಲಿತ್ತು. ಅದನ್ನು ಬೆರಳು ಮಾಡಿ ತೋರಿಸಿದಳು. “ಇಲ್ಲಿ ಬರದೈತಲ್ರಿ ಸಿಸ್ಟರ್. ಅವರ ಅತ್ತೀನೂ ಒಳಗ ಅದಾರಲ್ಲ,” ಎಂದಳು. ಅವಳು ಹೇಳಿದ್ದು ಮೊದಲನೇ ಟೇಬಲ್ಲಿನವಳ ಅತ್ತೆಯನ್ನು, ನನ್ನ ಸೋದರಮಾವನ ಮಗನ ಹೆಂಡತಿ, ನನಗೆ ಅತ್ತಿಗೆ. ಅತ್ತಿಗೆ ಮೊದಲನೇ ಟೇಬಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಸೊಸೆಯ ಬೆನ್ನು ತಿಕ್ಕುತ್ತಿದ್ದಳು.

“ನಾಕ ಅಕ್ಷರ ಕಲತೀದಿ ಅಂತ ನನಗ ಕಾನೂನ ಹೇಳಾಕ ಬರಬ್ಯಾಡ,” ಎಂದೆ. ಆ ಹುಡುಗಿ ತೋರಿಸಿದ ಬೆರಳು ಇಳಿಸಿದಳು. ಮುದುಕಿ ಹೊರಗೆ ಹೋದಳು.

ಹತ್ತು ಗಂಟೆಗೆ ಡಾಕ್ಟರು ಇಬ್ಬರನ್ನೂ ನೋಡಿದರು. ಹುಡುಗಿಗೆ ನೋವು ಸಾಲದು, ನೋವು ಬರುವ ಸಲಾಯಿನ್ ಹಚ್ಚಿ, ಹನಿ ನಿಧಾನ ಇರಲಿ, ಅರ್ಧ ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ನೋಡಿ, ಮಗುವಿನ ಎದೆಬಡಿತ ಎಣಿಸಿ ನಕ್ಷೆಯಲ್ಲಿ ಬರೆಯಿರಿ ಎಂದು ಹೇಳಿ ಹೊರರೋಗಿಗಳ ಕಡೆ ಹೋದರು. ಸಲಾಯಿನ್ ಹಚ್ಚಿದೆ. ಕೈಗೆ ಎರಡು ಜೋಡಿ ಗ್ಲೌಸ್ ಹಾಕಿಕೊಂಡು ಹಚ್ಚಿದೆ. ಮೊದಲನೇ ಟೇಬಲ್ಲಿಗೆ ಒಂದು ಜೋಡಿ, ಎರಡನೆಯದಕ್ಕೆ ಎರಡು. ಅದೂ ಯಾರೂ ಹೇಳಿಕೊಟ್ಟದ್ದಲ್ಲ.

ಆಮೇಲೆ ನನ್ನ ಹೊತ್ತೆಲ್ಲ ಮೊದಲನೇ ಟೇಬಲ್ಲಿನ ಹತ್ತಿರವೇ ಕಳೆಯಿತು. ಅಲ್ಲಿ ಅತ್ತಿಗೆಯ ಮಾತು, ನಗು, ತುಪ್ಪ ಹಾಕಿದ ಬಿಸಿ ಹಾಲು. ಅರ್ಧ ಗಂಟೆಗೊಮ್ಮೆ ಯಂತ್ರ ಹಚ್ಚಿ ಟಕಟಕ ಸದ್ದನ್ನು ಎಲ್ಲರಿಗೂ ಕೇಳಿಸುತ್ತಿದ್ದೆ. ನಕ್ಷೆ ಎರಡೂ ನನ್ನ ಮುಂದಿನ ಮೇಜಿನ ಮೇಲೆಯೇ ಇದ್ದವು. ಎರಡರಲ್ಲೂ ಬರೆಯುತ್ತಿದ್ದೆ.

ಹನ್ನೊಂದೂವರೆ ಹೊತ್ತಿಗೆ ಕಿಡಕಿಯ ಆಚೆಯಿಂದ ಮುದುಕಿಯ ದನಿ ಬಂತು. ಪರದೆ ಸರಿಸಿದೆ. ಹೊರಗೆ ಒಂದು ಕಲ್ಲಿನ ಮೇಲೆ ನಿಂತು ಸರಳು ಹಿಡಿದಿದ್ದಳು.

“ಅಕ್ಕಾರ, ಹೊಟ್ಟಿ ಮ್ಯಾಲ ಒಮ್ಮೆ ಕೈ ಇಟ್ಟ ನೋಡ್ರಿ. ಬಿಗದ ಹೊಟ್ಟಿ ಸಡಲವಲ್ದು. ಬ್ಯಾನಿ ಬಂದು ಹೋಗಬೇಕ್ರಿ, ಬಂದದ್ದು ಹೋಗವಲ್ದು.”

“ನೀ ಕಿಡಕ್ಯಾಗ ನಿಂತ ಡಾಕ್ಟರಕಿ ಮಾಡಬ್ಯಾಡ. ಇಳಿ ಕೆಳಗ. ಎಲ್ಲಾ ನೋಡಾಕತ್ತೇನಿ ನಾ.”

“ಇಲ್ರಿ,” ಎಂದಳು ಮುದುಕಿ. ದನಿ ಏರಿರಲಿಲ್ಲ. “ಸಲಾಯಿನ್ ಹಚ್ಚಿದಾಗಿಂದ ನಾ ಇಲ್ಲೇ ನಿಂತೇನ್ರಿ. ಆಮ್ಯಾಲ ಒಬ್ಬರೂ ಆಕೀನ ಮುಟ್ಟಿಲ್ಲ.”

ಸುಳ್ಳು ಎನ್ನಲು ಬಾಯಿ ತೆರೆದೆ. ಸಾಕ್ಷಿ ನನ್ನ ಮೇಜಿನ ಮೇಲೆಯೇ ಇತ್ತಲ್ಲ, ನಕ್ಷೆ. ಅದನ್ನು ಮುಖಕ್ಕೆ ಹಿಡಿಯೋಣ ಎಂದು ಎತ್ತಿಕೊಂಡೆ. ಹತ್ತೂವರೆಗೆ ಎದೆಬಡಿತ ನೂರಾ ನಲವತ್ತು. ಹನ್ನೊಂದಕ್ಕೆ ನೂರಾ ನಲವತ್ತು. ಹನ್ನೊಂದೂವರೆಗೆ, ಈಗ ಐದು ನಿಮಿಷದ ಕೆಳಗೆ ಬರೆದದ್ದು, ನೂರಾ ನಲವತ್ತು. ಮೂರು ಚುಕ್ಕೆ, ಮೂರನ್ನೂ ಕೂಡಿಸಿ ಅಳತೆಪಟ್ಟಿ ಇಟ್ಟು ಎಳೆದಂಥ ಗೆರೆ. ಅಕ್ಷರ ನನ್ನದೇ. ಎದೆಬಡಿತದ ಯಂತ್ರ ಬೆಳಗಿನಿಂದ ಮೊದಲನೇ ಟೇಬಲ್ ಬಿಟ್ಟು ಕದಲಿರಲಿಲ್ಲ.

ಯಾವಾಗ ಎಣಿಸಿದೆ ನಾನು? ಎಣಿಸಿಯೇ ಇರಲಿಲ್ಲ. ಕುಳಿತಲ್ಲೇ ಬರೆದಿದ್ದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಗೊತ್ತಿದ್ದು ಬರೆದಿದ್ದರೆ ಇಷ್ಟು ದಿಗಿಲಾಗುತ್ತಿರಲಿಲ್ಲವೇನೋ. ನನಗೆ ಗೊತ್ತೇ ಇರಲಿಲ್ಲ. ನಕ್ಷೆ ತುಂಬುವುದು ಒಂದು ಕೆಲಸ, ಆ ಹೆಣ್ಣನ್ನು ಮುಟ್ಟುವುದು ಇನ್ನೊಂದು ಕೆಲಸ, ಎರಡಕ್ಕೂ ಸಂಬಂಧವಿಲ್ಲ ಎಂಬಂತೆ ನನ್ನ ಕೈ ತನ್ನಷ್ಟಕ್ಕೆ ತಾನು ಬರೆದುಕೊಂಡು ಹೋಗಿತ್ತು.

ಓಡಿದೆ. ಹೊಟ್ಟೆಯ ಮೇಲೆ ಕೈ ಇಟ್ಟೆ, ಗ್ಲೌಸಿಲ್ಲದ ಕೈ. ಹಲಗೆಯ ಹಾಗಿತ್ತು. ಹುಡುಗಿಯ ತುಟಿ ಒಣಗಿ ಬಿಳಿಚಿಕೊಂಡಿತ್ತು, ಕಣ್ಣು ಕಿಡಕಿಯ ಮೇಲೇ ಇತ್ತು. ಸಲಾಯಿನ್ನಿನ ಹನಿ ಧಾರೆಯಾಗಿ ಇಳಿಯುತ್ತಿತ್ತು. ಆಯಾ ಬೇಗ ಆಗಲಿ ಎಂದು ಹನಿಯ ಚಕ್ರ ತಿರುವಿದಳೋ, ಹುಡುಗಿ ಕೈ ಆಡಿಸುವಾಗ ತಾನೇ ಸಡಿಲಾಯಿತೋ, ನೋಡಿದವರು ಯಾರೂ ಇಲ್ಲ. ನೋಡಬೇಕಾದವಳು ನಾನು. ಯಂತ್ರ ಎಳೆದು ತಂದು ಹಚ್ಚಿದೆ. ಮೊದಲು ಏನೂ ಕೇಳಲಿಲ್ಲ. ಜಾಗ ಬದಲಿಸಿದೆ. ಆಮೇಲೆ ಕೇಳಿಸಿತು, ನಿಧಾನಕ್ಕೆ, ದಣಿದವರು ಮೆಟ್ಟಿಲು ಹತ್ತಿದ ಹಾಗೆ. ಗಡಿಯಾರ ನೋಡುತ್ತ ಎಣಿಸಿದೆ. ಎಂಬತ್ತು. ನೂರಾ ಹತ್ತಕ್ಕಿಂತ ಕೆಳಗೆ ಇಳಿಯಬಾರದು.

ಸಲಾಯಿನ್ ನಿಲ್ಲಿಸಿದೆ, ಡಾಕ್ಟರನ್ನು ಕೂಗಿದೆ. ನನ್ನ ಕೂಗಿಗೆ ಹೊರಗಿನ ಸಾಲೆಲ್ಲ ಎದ್ದು ನಿಂತಿತು. ಡಾಕ್ಟರು ಬಂದವರು ಹುಡುಗಿಯನ್ನು ಎಡಮಗ್ಗುಲಿಗೆ ತಿರುಗಿಸಿ, ಆಕ್ಸಿಜನ್ ಹಚ್ಚಿ ಎಂದರು. ಹುಡುಗಿ ಬಿಗಿದುಕೊಂಡಿದ್ದಳು, ನಾನು ಮುಟ್ಟಿದರೆ ಇನ್ನೂ ಬಿಗಿಯುತ್ತಿದ್ದಳು, ತಿರುಗಲು ಒಲ್ಲೆ ಎನ್ನುತ್ತಿದ್ದಳು. ನನ್ನ ಕೈ ಎಂದರೆ ಅವಳಿಗೆ ಹೆದರಿಕೆ ಎಂದು ಆಗ ಕಂಡಿತು. ಡಾಕ್ಟರು ಕಿಡಕಿಯ ಕಡೆ ನೋಡಿ, ಮನೆಯ ಅಜ್ಜಿಯನ್ನು ಕರೆಯುವ ಹಾಗೆ, “ಆಯೀ, ಒಳಗ ಬರ್ರಿ ನೀವು, ಲಗೂನ ಬರ್ರಿ,” ಎಂದರು.

ಮುದುಕಿ ಒಳಗೆ ಬಂದಳು. ಚಪ್ಪಲಿ ಬಾಗಿಲಲ್ಲೇ ಬಿಟ್ಟಳು, ನಲ್ಲಿಯ ಕೆಳಗೆ ಮೊಣಕೈತನಕ ಸಾಬೂನು ಹಚ್ಚಿ ತೊಳೆದಳು, ಆಮೇಲೆ ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. “ನಾ ಬಂದೇನ್ವಾ. ಎಡಕ್ಕ ಹೊಳ್ಳು. ನನ್ನ ಕಡೆ ಹೊಳ್ಳು,” ಎಂದಳು. ಹುಡುಗಿ ಹೊರಳಿದಳು. ಮುದುಕಿ ಒಂದು ಕೈಯನ್ನು ಹೊಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟು ಕಣ್ಣು ಮುಚ್ಚಿದಳು. ನಾವು ಯಂತ್ರ ಹಿಡಿದು ಕೇಳುತ್ತಿದ್ದೆವು. ತೊಂಬತ್ತು. ಮತ್ತೆ ಎಂಬತ್ತೈದು. “ಸಡಲಾಕತ್ತೈತ್ರಿ,” ಎಂದಳು ಮುದುಕಿ. ಆಮೇಲೆ ನೂರಾ ಹತ್ತು. ನೂರಾ ಇಪ್ಪತ್ತೆಂಟು. ಅತ್ತಿಗೆ ಪರದೆಯ ಸಂದಿಯಿಂದ ಇಣುಕಿ, ಮುದುಕಿಯನ್ನು ನೋಡಿ ಮೂಗು ಮುರಿದು ಹಿಂದಕ್ಕೆ ಸರಿದಳು.

ಮಧ್ಯಾಹ್ನ ಎರಡು ಗಂಟೆಗೆ ಹುಡುಗಿ ಹಡೆದಳು, ಹೆಣ್ಣು. ಮುದುಕಿ ಹುಡುಗಿಯ ತಲೆಯ ಹತ್ತಿರ ನಿಂತು ಯಾವಾಗ ಉಸಿರು ಹಿಡಿಯಬೇಕು, ಯಾವಾಗ ಬಿಡಬೇಕು ಹೇಳುತ್ತಿದ್ದಳು. ಡಾಕ್ಟರು ಕೂಸು ಹಿಡಿದರು. ಕೂಸು ಕೂಡಲೇ ಅಳಲಿಲ್ಲ. ಬೆನ್ನು ತಿಕ್ಕಿ, ಮೂಗು ಬಾಯಿ ಒರೆಸಿದ ಮೇಲೆ ಅತ್ತಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಕೂಸುಗಳ ಅಳು ಕೇಳಿದ್ದೇನೆ. ಅವತ್ತು ಕೇಳಿದಾಗ ನಾನೂ ಅತ್ತೆ, ಎಲ್ಲರೆದುರೇ.

ಆ ಸಂಜೆ ಮನೆಗೆ ಹೋಗುವ ಮೊದಲೇ ಡಾಕ್ಟರಿಗೆ ಹೇಳಿದೆ, ನಕ್ಷೆಯ ಮೂರು ಚುಕ್ಕೆಯೂ ಸುಳ್ಳು ಎಂದು. ಅವರ ಮುಖ ಕೆಂಪಾಯಿತು. ಆಮೇಲೆ, “ನಾಳಿಂದ ಹೆಂಗ ಮಾಡೂಣು?” ಎಂದು ಕೇಳಿದರು.

ನಾಳೆಯಿಂದ ಮಾಡಿದ್ದು ಇಷ್ಟು. ಪರದೆ ತೆಗೆದೆವು. ಹರಿದ ರೆಕ್ಸಿನ್ ಕಿತ್ತು ಹೊಸದು ಹೊಲಿಸಿದೆವು. ಎರಡೂ ಟೇಬಲ್ ಫ್ಯಾನಿನ ಕೆಳಗೆ ಬಂದವು, ಮೊದಲು ಬಂದವರಿಗೆ ಮೊದಲು ಖಾಲಿ ಇದ್ದದ್ದು. ಓಣಿ ಕೇಳುವುದನ್ನು ಬಿಟ್ಟೆ. ಬಿಡುವುದು ಸುಲಭವಾಗಿರಲಿಲ್ಲ. ಎಷ್ಟೋ ಸಲ “ಯಾವ” ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡು “ಯಾವಾಗಿಂದ ಬ್ಯಾನಿ?” ಎಂದು ಮುಗಿಸಿದ್ದೇನೆ. ಮುದುಕಿಗೆ ಒಳಗೆ ಒಂದು ಸ್ಟೂಲ್ ಬಂತು. ಕೇರಿಯ ಯಾವ ಹೆಣ್ಣುಮಗಳು ಬಂದರೂ ಅವಳು ಜೊತೆಗೆ. ಅವಳ ಹಿಂದೆ ಅದೇ ಕೇರಿಯ ಇಬ್ಬರು ನಡುವಯಸ್ಸಿನ ಹೆಂಗಸರೂ ಬರತೊಡಗಿದರು. ಬೆನ್ನು ತಿಕ್ಕುವುದು, ನಡೆದಾಡಿಸುವುದು, ನೋವು ಬಂದಾಗ ಸೊಂಟ ಎಲ್ಲಿ ಒತ್ತಬೇಕು ಎನ್ನುವುದನ್ನೆಲ್ಲ ಮುದುಕಿ ಅವರಿಗೆ ಹೇಳಿಕೊಡುತ್ತಿದ್ದಳು. ಡಾಕ್ಟರು ಅಪಾಯದ ಗುರುತುಗಳನ್ನು ಹೇಳಿಕೊಟ್ಟರು. ಏನಾದರೂ ಕಂಡರೆ ಯಾರ ಅಪ್ಪಣೆಗೂ ಕಾಯದೆ ತಮ್ಮನ್ನು ಕರೆಯಬೇಕು ಎಂದರು. ಕೈಯಿಟ್ಟು ನೋವಿನ ಲೆಕ್ಕ ಹಿಡಿಯುವುದನ್ನು ಐವತ್ತರ ಹೊಸ್ತಿಲಲ್ಲಿ ನಾನೂ ಅವಳ ಹತ್ತಿರವೇ ಸರಿಯಾಗಿ ಕಲಿತೆ. ಅವಳನ್ನು “ಆಯೀ, ನೀವು” ಎಂದು ಕರೆದ ಮೊದಲ ದಿನ ಅವಳಿಗೇ ನಾಚಿಕೆಯಾಗಿ, “ಬ್ಯಾಡ್ರಿ ಅಕ್ಕಾರ, ಮಂದಿ ನಗ್ತಾರ,” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಂದಿ ನಗಲಿಲ್ಲ, ಸಿಟ್ಟಾದರು. ಆಯಾ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು. ಅತ್ತಿಗೆ ಮನೆಗೇ ಬಂದು, “ಮುಟ್ಟಿದ ಟೇಬಲ್ ಮ್ಯಾಲ ನಮ್ಮ ಹೆಣ್ಮಕ್ಕಳನ್ನ ಮಲಗಸ್ತೀ ಏನ? ನಿನಗೇನ ಬುದ್ಧಿ ಐತಿಲ್ಲ?” ಎಂದು ಕೇಳಿದಳು. ಮೇಲಿನ ಓಣಿಯ ಒಂದೆರಡು ಮನೆಯವರು ಹೆರಿಗೆಗೆ ಬೇರೆ ಊರಿಗೆ ಹೋದರು. ನಾನು ಎಲ್ಲರಿಗೂ ಎದುರಾಡಿದೆ. ಎದುರಾಡುವುದು ನನಗೆ ಗೊತ್ತಿದ್ದ ಕೆಲಸ. ಒಂದು ಮಾತು ಒಪ್ಪಿಕೊಳ್ಳಬೇಕು: ಆ ದಿನಗಳಲ್ಲಿ ನನಗೆ ಒಳಗೊಳಗೇ ಖುಷಿಯಾಗಿತ್ತು. ತಪ್ಪು ಮಾಡಿದೆ, ತಿದ್ದಿಕೊಂಡೆ, ಕೂಸು ಉಳಿಯಿತು. ನಾನು ಒಳ್ಳೆಯವಳಾದೆ ಎಂದುಕೊಂಡಿದ್ದೆ.

ಮೂರು ತಿಂಗಳಾಗಿರಬೇಕು. ಹಿಂದಿನ ವರ್ಷಗಳಲ್ಲಿ ನಮ್ಮಲ್ಲಿ ಸತ್ತು ಹುಟ್ಟಿದ ಕೂಸುಗಳ ಕಾಗದ ಎಲ್ಲ ತೆಗೆಯಿರಿ, ಯಾಕೆ ಹಾಗಾಯಿತು ನೋಡೋಣ ಎಂದರು ಡಾಕ್ಟರು. ಕಪಾಟಿನಿಂದ ಕಟ್ಟು ಇಳಿಸಿ, ಧೂಳು ಕೊಡವಿ, ಒಂದೊಂದೇ ತೆಗೆದು ಮೇಜಿನ ಮೇಲೆ ಇಡುತ್ತಿದ್ದೆ. ಹೊರಗೆ ಚುಚ್ಚುಮದ್ದಿನ ದಿನದ ಗದ್ದಲ, ಕೂಸುಗಳ ಅಳು. ಮೊದಲ ಕಾಗದದಲ್ಲಿ ಏರಿ ಇಳಿಯುವ ಗೆರೆ, ನಿಜವಾಗಿ ಎಣಿಸಿದ್ದು. ಎರಡನೆಯದೂ ಹಾಗೇ. ಮೂರನೆಯದನ್ನು ತೆರೆದೆ. ನೂರಾ ನಲವತ್ತು, ನೂರಾ ನಲವತ್ತು, ನೂರಾ ನಲವತ್ತು. ಕೊನೆಯವರೆಗೂ ಅಳತೆಪಟ್ಟಿಯ ಗೆರೆ. ಸತ್ತು ಹುಟ್ಟಿದ ಕೂಸಿಗೆ ಹುಟ್ಟುವ ಕ್ಷಣದತನಕ ನೂರಾ ನಲವತ್ತು ಎಂದು ಬರೆದಿದ್ದೆ ನಾನು.

ಮೇಲೆ ಹೆಸರು ನೋಡಿದೆ. ಮುದುಕಿಯ ಕಿರಿಯ ಮಗಳು. ಆರು ವರ್ಷದ ಹಿಂದಿನದು.

ಆ ದಿನ ನನಗೆ ಚೆನ್ನಾಗಿ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೆ. ನೆನಪಿದ್ದದ್ದು ಇದು: ಮುದುಕಿ ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಿ, ಆಗದೆ, ಕೊನೆಯ ಗಳಿಗೆಯಲ್ಲಿ ಹೊತ್ತುಕೊಂಡು ಬಂದಳು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ದವಾಖಾನೆಯ ಅಂಗಳದಲ್ಲಿ, ಕೇರಿಯ ಮಂದಿಯೆಲ್ಲ ಕೂಡಿದ್ದಾಗ, ನಾನು ಬೆರಳು ತೋರಿಸಿ, “ಈ ಮುದುಕಿ ಕೊಂದಳು ನೋಡ್ರಿ ಮೊಮ್ಮಗನ್ನ,” ಎಂದು ಕೂಗಿದ್ದೆ. ಕಾಗದದ ಕೊನೆಗೆ “ತಡವಾಗಿ ಕರೆತಂದದ್ದು” ಎಂದು ಷರಾ ಬರೆದದ್ದೂ ನಾನೇ. ಅದೇ ಕಾಗದದ ಮೇಲ್ತುದಿಯಲ್ಲಿ, ನನ್ನದೇ ಕೈಬರಹದಲ್ಲಿ, ಬಂದ ಹೊತ್ತು ಬೆಳಿಗ್ಗೆ ಎಂಟು ಎಂದಿತ್ತು. ಸಲಾಯಿನ್ ಹಚ್ಚಿದ್ದು ಒಂಬತ್ತಕ್ಕೆ. ಹೆರಿಗೆ ಸಂಜೆ ನಾಲ್ಕಕ್ಕೆ. ಎಂಟು ಗಂಟೆ ಹೊತ್ತು ಆ ಹೆಣ್ಣು ನಮ್ಮ ಎರಡನೇ ಟೇಬಲ್ಲಿನ ಮೇಲಿದ್ದಳು. ನನ್ನ ಕೈ ಬರೆದದ್ದನ್ನು ನನ್ನ ತಲೆ ಆರು ವರ್ಷ ಬೇರೆಯಾಗಿಯೇ ನೆನಪಿಟ್ಟುಕೊಂಡಿತ್ತು.

ಡಾಕ್ಟರಿಗೆ ತೋರಿಸಿದೆ. ನಡೆದದ್ದನ್ನು ಬರೆದುಕೊಡಿ ಎಂದರು. ಬರೆದುಕೊಟ್ಟೆ, ನನ್ನ ಸಹಿ ಹಾಕಿ. ಅದರ ವಿಚಾರಣೆ ಇನ್ನೂ ನಡೆದಿದೆ, ಏನಾಗುತ್ತದೋ ಆಗಲಿ. ಆದರೆ ಮೇಲಧಿಕಾರಿಗಳು ಕೇಳುವ ಮೊದಲು ನಾನು ಹೋಗಬೇಕಾದ ಮನೆ ಒಂದಿತ್ತು.

ಮರುದಿನ ಬೆಳಿಗ್ಗೆ ಕಾಗದದ ಪ್ರತಿ ಹಿಡಿದು ಕೆಳಗಿನ ಕೇರಿಗೆ ಹೋದೆ. ಹುಟ್ಟಿದಾಗಿನಿಂದ ಅದೇ ಊರಲ್ಲಿದ್ದು ಆ ಕೇರಿಯೊಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಪೋಲಿಯೋ ಹನಿ ಹಾಕುವಾಗಲೂ ಮೂಲೆಯ ಕಟ್ಟೆಯ ಮೇಲೆ ಕುಳಿತು ಅವರನ್ನೇ ಕರೆಸಿಕೊಳ್ಳುತ್ತಿದ್ದೆ. ಮುದುಕಿಯ ಮನೆ ಎಲ್ಲಿ ಎಂದು ಕೇಳಬೇಕಾಯಿತು. ಮುದುಕಿ ಮೊಮ್ಮಗಳ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ ಎದ್ದೇಳಲು ಹೋದಳು. ನಾನು ಅಲ್ಲೇ ನೆಲದ ಮೇಲೆ ಕುಳಿತೆ.

“ಆಯೀ, ನಿಮ್ಮ ಸಣ್ಣ ಮಗಳ ಕೂಸು,” ಎಂದೆ. ಕಾಗದ ಮುಂದೆ ಹಿಡಿದೆ. ಓದಲು ಬಾರದವಳ ಮುಂದೆ ಕಾಗದ ಹಿಡಿದಿದ್ದೇನೆ ಎಂಬುದೂ ಹೊಳೆಯಲಿಲ್ಲ. ಆಮೇಲೆ ಎಲ್ಲ ಹೇಳಿದೆ. ಬಂದ ಹೊತ್ತು, ಸಲಾಯಿನ್, ಎಣಿಸದೆ ಬರೆದ ನೂರಾ ನಲವತ್ತು, ಅಂಗಳದಲ್ಲಿ ನಾನು ಕೂಗಿದ ಮಾತು. “ತಪ್ಪ ನಿಮ್ಮದಲ್ಲ, ನನ್ನದು. ನೀವು ತಡಾ ಮಾಡಿರಲಿಲ್ಲ,” ಎಂದೆ.

ಮುದುಕಿಯ ಕೈ ಕೂಸಿನ ಬೆನ್ನ ಮೇಲೆ ನಿಂತಿತು. ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದು ಕಾದೆ. ಎರಡೂ ಮಾಡಲಿಲ್ಲ.

“ಗೊತ್ತೈತ್ರಿ,” ಎಂದಳು.

“ಗೊತ್ತಿತ್ತಾ?”

“ಮುಂಜಾನಿ ಎಂಟಕ್ಕ ಬಂದಾಕಿ ನಾನ ಅಲ್ಲೇನ್ರಿ? ನನಗ ಗೊತ್ತಿರೂದಿಲ್ಲಾ? ಮಗಳಿಗೆ ಬ್ಯಾನ್ಯಾಗ ಹೊತ್ತಿನ ಖಬರ ಇರ್ಲಿಲ್ಲ, ಆಕಿ ಮಾತ್ರ ನಿಮ್ಮ ಮಾತ ನಂಬಿದ್ಳು. ವರ್ಷಗಟ್ಟಲೆ ನನ್ನ ಮನಿ ಮೆಟ್ಟಲಾ ಹತ್ತಲಿಲ್ಲ. ಈಗೂ ಬಂದ್ರ ನನ್ನ ಕೈಯಾಗ ನೀರ ಇಸ್ಕೊಳ್ಳೂದಿಲ್ಲ.”

ಇಷ್ಟು ಗೊತ್ತಿದ್ದವಳು ಮತ್ತೆ ಮತ್ತೆ ಯಾಕೆ ನಮ್ಮ ಬಾಗಿಲಿಗೇ ಕರೆತಂದಳು ಎಂದು ಕೇಳಿದೆ. “ಮತ್ತ ಎಲ್ಲಿಗೆ ಒಯ್ಲಿ?” ಎಂದಳು. ಬೇಗ ಕರೆತಂದರೆ ಹೊರಗೆ ಕುಳಿತು ಕಾಯಬಹುದು, ಕಣ್ಣಿಡಬಹುದು, ಅದಕ್ಕೇ ಸಣ್ಣ ನೋವಿಗೂ ಕರೆತರುತ್ತಿದ್ದೆ ಎಂದಳು. ನಾವು ಠಾಣೆ ಎಂದು ನಕ್ಕದ್ದು ಅದಕ್ಕೇ.

ಆಗ ನನಗೆ ಕೇಳಬಾರದ ಮಾತು ಬಾಯಿಗೆ ಬಂತು. ತಪ್ಪು ಹಂಚಿಕೊಳ್ಳಲು ಒಂದು ಎಳೆಯಾದರೂ ಸಿಗಲಿ ಎಂಬ ಆಸೆ ಇತ್ತೋ ಏನೋ. “ಅವತ್ತ ನೀವು ಒಂದ ಮಾತ ಕೂಗಿ ಹೇಳಿದ್ರ ಆಗ್ತಿತ್ತಲ್ರಿ ಆಯೀ. ಈ ಸಲ ಹೇಳಿದಂಗ,” ಎಂದೆ.

ಮುದುಕಿ ನನ್ನ ಮುಖವನ್ನೇ ನೋಡಿದಳು. ನಾನು ಆಟ ಹೂಡುತ್ತಿದ್ದೇನೋ, ನಿಜವಾಗಿ ಕೇಳುತ್ತಿದ್ದೇನೋ ಎಂದು ನೋಡಿದ ಹಾಗಿತ್ತು.

“ಕೂಗಿದ್ನಲ್ರಿ ಅಕ್ಕಾರ. ಹನ್ನೆರಡ ಗಂಟೆಕ್ಕ ಕೂಗಿದೆ, ಒಂದಕ್ಕ ಕೂಗಿದೆ. ಎರಡನೇ ಸಲ ಕೂಗಿದಾಗ ನೀವ ಬಂದ್ರಿ. ನನ್ನ ಮುಖಾ ನೋಡಿದ್ರಿ. ನೋಡಿ ಕಿಡಕಿ ಹಾಕಿದ್ರಿ.”

ಅವಳು ಮತ್ತೆ ಕೂಸಿಗೆ ಎಣ್ಣೆ ತಿಕ್ಕತೊಡಗಿದಳು. ನಾನು ಕುಳಿತಲ್ಲೇ ಆ ದಿನವನ್ನು ಹುಡುಕಿದೆ. ಅವತ್ತು ಡಬ್ಬಿಯಲ್ಲಿ ಬದನೆಕಾಯಿ ಪಲ್ಯ ಇತ್ತು, ನೆನಪಿದೆ. ಮಧ್ಯಾಹ್ನ ಕರೆಂಟು ಹೋದದ್ದು ನೆನಪಿದೆ. ಅಂಗಳದಲ್ಲಿ ನಾನು ಆಡಿದ ಮಾತು ಅಕ್ಷರ ಅಕ್ಷರ ನೆನಪಿದೆ. ಕಿಡಕಿ ಹಾಕಿದ್ದು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.